ಹಾಸಿನ ಜಾಗ

ನರಗುಂದದ ನನ್ನ ಅಡುಗೆಮನೆಯಲ್ಲಿ ಇವತ್ತು ಅನ್ನ ಬಸಿಯುವಾಗ ಗಂಜಿಯ ವಾಸನೆ ಬಂತು. ಪಾತ್ರೆ ಹಿಡಿದು ಹಾಗೇ ನಿಂತುಬಿಟ್ಟೆ. ನಗಬೇಡಿ, ಗಂಜಿ ಎಂದರೆ ನನಗೆ ಊಟ ನೆನಪಾಗುವುದಿಲ್ಲ. ಗಜೇಂದ್ರಗಡದಲ್ಲಿ ದೊಡ್ಡವ್ವನ ಮನೆಯ ಹಿಂದಿದ್ದ ಉದ್ದನೆಯ ಬಯಲು ನೆನಪಾಗುತ್ತದೆ.

ಸೀರೆ ನೇಯುವ ಮೊದಲು ಉದ್ದದ ಎಳೆಗಳನ್ನೆಲ್ಲ ಎರಡೂ ತುದಿಗೆ ಜನ ಹಿಡಿದು ಬಯಲಲ್ಲಿ ಬಿಗಿಯಾಗಿ ಚಾಚಿ, ಗಂಜಿ ಸವರಿ ಒಣಗಿಸಬೇಕು. ಅದಕ್ಕೆ ಹಾಸು ಎನ್ನುತ್ತಾರೆ. ಓಣಿಯ ಮಗ್ಗಗಳಿಗೆಲ್ಲ ಹಾಸಿನ ಜಾಗ ಅದೊಂದೇ. ದೊಡ್ಡವ್ವ ಯಾರಿಗೂ ಬೇಡ ಎಂದವಳಲ್ಲ. ಹಾಸಿನ ಮೇಲೆ ಕೋಳಿ ಹಾರಿದರೆ ಮಾತ್ರ ಊರಿಗೆಲ್ಲ ಕೇಳುವಂತೆ ಬೈಯುತ್ತಿದ್ದಳು.

ರೈಲು ಮಾರ್ಗದ ಅಳತೆಯವರು ಬಂದು ಬಯಲಿನಾಚೆ ಗೂಟ ನೆಟ್ಟು ಹುರಿ ಕಟ್ಟುವ ಹೊತ್ತಿಗೆ ಅವಳ ಕಣ್ಣು ಮಂಜಾಗಿತ್ತು.

“ಏನ್ ಮಾಡಾಕತ್ತೀರಪಾ?”

“ಹಳಿ ಹಾಸಾಕ ಅಳತಿ, ಅಮ್ಮಾ.”

“ಹಾಸಾಕನೇ? ಮತ್ತ ಎಳಿ ಸಡ್ಲ ಬಿಟ್ಟೀರಲ್ಲ! ಬಿಗಿ ಹಿಡೀರಿ, ಗಂಜಿ ನಾ ಕೊಡ್ತೀನಿ.”

ಅವರು ನಕ್ಕರು. ಪಕ್ಕದಲ್ಲಿದ್ದ ನಾನೂ ನಕ್ಕೆ.

ಗೂಟದ ಹಿಂದೆಯೇ ದಲ್ಲಾಳಿ ಬಂದ. ರೈಲಿನ್ನೂ ಬಂದಿರಲಿಲ್ಲ, ಬಯಲಿನ ಬೆಲೆ ಮಾತ್ರ ಮೊದಲೇ ಬಂದಿಳಿದಿತ್ತು.

“ಅರ್ಧ ಮಾರ್ರಿ, ಅವ್ವಾರ. ಉಳಿದ ಅರ್ಧದಾಗ ನೇಕಾರರು ಹಾಸ್ಕೊಳ್ಳಲಿ.”

“ಯಪ್ಪಾ, ನಿನ್ನ ಹೆಂಡ್ತಿ ಅರ್ಧ ಸೀರಿ ಉಡ್ತಾಳೇನು?”

ಅವಳು ಬದುಕಿದ್ದಷ್ಟು ದಿನ ಅವನು ಆ ಕಡೆ ಮತ್ತೆ ಸುಳಿಯಲಿಲ್ಲ.

ಈಗ ಬಯಲು ನನ್ನ ಪಾಲಿಗೆ ಬಂದಿದೆ. ಸುತ್ತಲೂ ಸೈಟಿನ ಕಲ್ಲುಗಳು, ಕಲ್ಲುಗಳ ನಡುವೆ ಜಾಲಿ. ನಿನ್ನೆ ಅದೇ ದಲ್ಲಾಳಿಯ ಫೋನು. ಕೇಳಿದ್ದೂ ಅದೇ ಅರ್ಧ. ದೊಡ್ಡವ್ವನ ಬಾಯಿ ನನಗೆಲ್ಲಿ ಬರಬೇಕು? “ನಾಳೆ ಹೇಳ್ತೀನಿ” ಎಂದಿದ್ದೆ.

ಪಾತ್ರೆ ಕೆಳಗಿಟ್ಟು ಈರಪ್ಪ ಕಾಕಾಗೆ ಫೋನ್ ಹಚ್ಚಿದೆ. ಆ ಓಣಿಯಲ್ಲಿ ಮಗ್ಗದ ಸದ್ದು ಉಳಿದಿರುವುದು ಅವರ ಮನೆಯೊಂದರಲ್ಲೇ.

“ಹಾಸು ಹಾಕೀರೇನ್ರಿ, ಕಾಕಾ?”

“ಎಲ್ಲೀ ಹಾಸು, ತಮ್ಮಾ! ಮಗ ಹಳಿ ಹಾಸೂ ಕೆಲಸಕ್ಕ ಹೋದ. ಪಗಾರ ಚಲೋ ಐತಿ, ಹೋಗಬ್ಯಾಡ ಅನ್ನಾಕ ನನಗ ಬಾಯಿ ಬರಲಿಲ್ಲ. ಜಾಗ ಐತಿ, ಆ ತುದಿ ಹಿಡಿಯಾಕ ಮಂದಿ ಇಲ್ಲ.”

ಮಗ ಹೋದದ್ದು ತಪ್ಪಲ್ಲ. ರೈಲು ಬರುವುದೂ ತಪ್ಪಲ್ಲ.

“ಬಯಲು ಕೇಳಾಕತ್ತಿರೋ ದಲ್ಲಾಳಿಗೆ ಇಲ್ಲ ಅಂತೀನ್ರಿ. ನಾಳೆ ಮುಂಜಾನೆ ಆ ತುದಿ ನಾ ಹಿಡೀತೀನಿ.”

ಕಾಕಾ ಕೇಳಿದ್ದು ಒಂದೇ ಮಾತು.

“ಬಿಗಿ ಹಿಡೀತೀಯೇನು?”

ಹೂಂ ಎಂದೆ. ಬೆರಳಿಗೆ ಹತ್ತಿದ್ದ ಗಂಜಿ ಆಗಲೇ ಒಣಗಿ ಬಿಗಿಯತೊಡಗಿತ್ತು.