ಮಿಸೆಸ್ ಪ್ರೋಬರ್ಟ್ ಅವರ ‘ಶ್’

ನಮ್ಮೂರ ಕೆರೆ ದಂಡೆಯಲ್ಲಿ ಹಕ್ಕಿ ನೋಡಲೆಂದು ಕಟ್ಟಿದ ಮರದ ಕೋಣೆಗೆ ಬೀಗವಿಲ್ಲ, ಮಿಸೆಸ್ ಪ್ರೋಬರ್ಟ್ ಇದ್ದಾರೆ. ಬೆಳಗಾಗುತ್ತಲೇ ಚಹಾದ ಫ್ಲಾಸ್ಕ್ ಹಿಡಿದು ಬಂದು ಕಿಟಕಿ ಪಕ್ಕದ ಬೆಂಚಿನಲ್ಲಿ ಕೂತರೆ ಚರ್ಚಿನ ಪಾದ್ರಿ ಬಂದರೂ ಜರುಗುವವರಲ್ಲ. ಬಾಗಿಲು ಕಿರ್ ಎಂದರೆ ಬಾಗಿಲಿಗೇ ‘ಶ್’ ಅನ್ನುತ್ತಾರೆ. ಯಾರಾದರೂ ಬಿಸ್ಕತ್ತಿನ ಪೊಟ್ಟಣ ಬಿಚ್ಚಿದರೆ, “ಮನೇಲಿ ತಿನ್ನೋಕೆ ಕೊಡಲ್ವೇನಪ್ಪಾ?” ರೇನ್‌ಕೋಟು ಸರಸರ ಎಂದರೆ, “ಅದನ್ನ ಹೊರಗೆ ಬಿಚ್ಚಿಟ್ಟು ಬಾ, ನೆನೆದ್ರೆ ನೀನೇನು ಕರಗಲ್ಲ.” ಬಾತುಕೋಳಿಗಳೂ ಅವರೆದುರು ಸದ್ದಿಲ್ಲದೆ ಈಜುತ್ತವೆ ಅಂತ ನಾವು ಬೆನ್ನ ಹಿಂದೆ ನಗುತ್ತೇವೆ. ಮೊನ್ನೆ ಪಕ್ಕದ ಫರ್ ಮರದಲ್ಲಿ ಗೋಲ್ಡ್‌ಕ್ರೆಸ್ಟ್ ಹಾಡಿತು. ಹೆಬ್ಬೆರಳಷ್ಟು ಹಕ್ಕಿ, ಸೂಜಿಯಷ್ಟು ಸಣ್ಣ ದನಿ. ಬಾಯಿಗೆ ಎತ್ತಿದ್ದ ನನ್ನ ಲೋಟ ಅರ್ಧ ದಾರಿಯಲ್ಲೇ ನಿಂತಿತು. ಲೋಟ ನಿಂತದ್ದನ್ನು ಕಂಡ ಮಿಸೆಸ್ ಪ್ರೋಬರ್ಟ್ ಎಲ್ಲರಿಗೂ ‘ಶ್’ ಎಂದರು. ಎಲ್ಲರೂ ಮರದತ್ತ ಕಿವಿಗೊಟ್ಟರೆ ಅವರು ಮಾತ್ರ ಮರಕ್ಕೆ ಬೆನ್ನು ಮಾಡಿ ನಮ್ಮ ಮುಖಗಳನ್ನೇ ನೋಡುತ್ತಾ ಕೂತಿದ್ದರು. “ವಯಸ್ಸಾಯ್ತು, ಅಷ್ಟು ಸಣ್ಣ ದನಿ ಈ ಕಿವಿಗೆ ಬಿದ್ದು ವರ್ಷಗಳಾದ್ವು ಕಣಮ್ಮಾ,” ಎಂದರು ಆಮೇಲೆ, ಚಹಾ ಬಗ್ಗಿಸಿಕೊಳ್ಳುತ್ತಾ, ಹಾಯಾಗಿ. “ಅದು ಹಾಡಿದಾಗ ನಿಮ್ಮ ಮುಖಗಳು ಅರಳ್ತಾವಲ್ಲ, ಅಷ್ಟು ಸಾಕು. ನೀವು ಬಾಯಿ ಮುಚ್ಚಿದ್ರೆ ತಾನೇ ನಂಗೆ ಕೇಳ್ಸೋದು?”