ಎದೆಯ ಮೇಲೊಂದು ಕೆಂಪು ದೀಪ

ರಾಟರ್‌ಡ್ಯಾಮಿನಾಚೆ, ಮಂಜುಗಟ್ಟಿದ ಹೊಲದಂಚಿನ ಜೊಂಡಿನಲ್ಲಿ ನಸುಕಿನಲ್ಲೇ ಅಡಗಿ ಕೂತೆವು: ಬೇಟೆಗಾರ ಪೀಟರ್, ಅವನ ಆಫೀಸಿನ ಗೆಳೆಯ ನಮ್ಮ ಮೈಸೂರಿನ ರಘು, ಸುಮ್ಮನೆ ನೋಡಲು ಬಂದ ನಾನು. ರಘು ಕೊಟ್ಟ, ಬ್ಯಾಟರಿಯಿಂದ ಬಿಸಿಯಾಗುವ ಜಾಕೆಟ್, ಹೆಂಚಿನಿಂದ ಆಗತಾನೇ ಇಳಿಸಿದ ರೊಟ್ಟಿಯನ್ನು ಬೆನ್ನಿಗೆ ಕಟ್ಟಿದಂತಿತ್ತು. ಆಹಾ, ಏನು ಸುಖ! ಅಷ್ಟರಲ್ಲಿ ಹೆಬ್ಬಾತುಗಳ ಹಿಂಡು ಕೂಗುತ್ತಾ ನಮ್ಮತ್ತಲೇ ಬಂತು. ಪೀಟರ್ ಬಂದೂಕು ಎತ್ತಿದ.

“ಲೋ, ನಿನ್ ಜಾಕೆಟ್ ಲೈಟ್ ಉರೀತಿದೆ, ಆಫ್ ಮಾಡೋ!” ರಘು ಪಿಸುಗುಟ್ಟಿದ.

ಗಾಬರಿಯಲ್ಲಿ ಎದೆಯ ಮೇಲಿನ ಬಟನ್ ಒತ್ತಿದೆ. ಕೆಂಪು ದೀಪ ಬಿಳಿಯಾಯಿತು. ಮತ್ತೆ ಒತ್ತಿದೆ, ನೀಲಿಯಾಯಿತು! ಗಾಳಿಗೆ ಹಣತೆ ಆರದಂತೆ ಕಾಯುವವನ ಹಾಗೆ ಎರಡೂ ಅಂಗೈ ಅಡ್ಡ ಹಿಡಿದೆ. ಬೆಳಕು ಕಂಡ ಹಿಂಡು ರೆಕ್ಕೆ ಬಡಿಯುತ್ತಾ ಸರ್ರನೆ ತಿರುಗಿ ಹೋಯಿತು.

ಪೀಟರ್ ಬಂದೂಕು ಇಳಿಸಿ, “ಬೆಚ್ಚಗಿದ್ದೀಯಾ?” ಎಂದು ಇಂಗ್ಲಿಷಿನಲ್ಲಿ ಕೇಳಿದ.

ನಾನು ಬೆವರುತ್ತಿದ್ದೆ.