ಅಣ್ಣ ಕಂಡ ಕಡಲ್ಗಳ್ಳರು

ನಾನು ಮುಂಡರಗಿಯ ಒಂದು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ಎರಡು ವರ್ಷದ ಹಿಂದೆ ಶಾಲೆಯ ವಾರ್ಷಿಕ ಗ್ಯಾದರಿಂಗ್‌ಗೆ ಒಂಬತ್ತನೇ ತರಗತಿಯವರು ಕಡಲ್ಗಳ್ಳರ ನಾಟಕ ಆಡುವುದೆಂದು ಗೊತ್ತಾದಾಗ, ಹೆಡ್‌ಮಾಸ್ತರರಿಗೆ ನನ್ನ ಅಣ್ಣನ ನೆನಪಾಯಿತು.

"ಮೇಡಂ, ನಿಮ್ಮ ಅಣ್ಣಾರು ಖರೆ ಕಡಲ್ಗಳ್ಳರನ್ನ ನೋಡ್ಯಾರಂತಲ್ಲ? ಅವರನ್ನ ಅತಿಥಿ ಅಂತ ಕರಸ್ರಿ. ಹುಡುಗ್ರಿಗೆ ನಾಕು ಮಾತು ಹೇಳ್ಲಿ."

ಕೇಳಿ ನೋಡುತ್ತೇನೆ ಎಂದೆ.

ನಮ್ಮದು ಬೆಟಗೇರಿಯ ನೇಕಾರರ ಮನೆ. ಅಪ್ಪ ಇರುವಾಗಲೇ ಮಗ್ಗ ನಿಂತಿತ್ತು. ಅಣ್ಣ ಗದಗಿನ ಖಾನಾವಳಿಯೊಂದರಲ್ಲಿ ಅಡುಗೆ ಕಲಿತ, ಗೋವಾಕ್ಕೆ ಹೋದ, ಅಲ್ಲಿಂದ ಸರಕು ಹಡಗೊಂದರ ಅಡುಗೆಯವನಾದ. ಮನೆಯಲ್ಲಿ ಬೇರೆ ಯಾರೂ ಸಮುದ್ರ ಕಂಡವರಲ್ಲ. ನಮಗೆ ದೊಡ್ಡ ನೀರೆಂದರೆ ಕೊರ್ಲಹಳ್ಳಿಯ ಹೊಳೆ. ಆಫ್ರಿಕಾದ ಕರಾವಳಿಯ ಹತ್ತಿರ ಆ ಹಡಗನ್ನು ಕಳ್ಳರು ಹಿಡಿದರೆಂದು ಕಂಪನಿಯವರು ಫೋನ್ ಮಾಡಿದಾಗ, ಅವ್ವ ನನ್ನನ್ನು ಕೇಳಿದ್ದು ಒಂದೇ ಮಾತು: "ಇವನ ಹತ್ರ ಕದಿಯೂವಂಥಾದ್ದು ಏನೈತಿ?"

ಓಣಿಯವರು ಬಂದರು, ಮರುಗಿದರು. ಆದರೆ ಅವರ ಕಣ್ಣಲ್ಲಿ ಒಂದು ಕುತೂಹಲವೂ ಇತ್ತು. "ಒಂದ ಕಣ್ಣಿಗೆ ಕರೇ ಪಟ್ಟಿ ಕಟ್ಟಿರ್ತಾರಲ್ಲ, ಅಂಥವರೇನ?" ಎಂದು ಪಕ್ಕದ ಮನೆಯ ಕಾಕಾ ಮೆಲ್ಲಗೆ ಕೇಳಿದರು. ನನಗೂ ಗೊತ್ತಿರಲಿಲ್ಲ.

ವರ್ಷ ಕಳೆದು, ಕಂಪನಿಯವರು ಒತ್ತೆಹಣ ಕೊಟ್ಟು ಬಿಡಿಸಿದ ಮೇಲೆ ಅಣ್ಣ ಬಂದ. ಅರ್ಧ ಆಗಿದ್ದ. ಅವ್ವ ಬಡಿಸಿದ್ದನ್ನು ತಾಟಿನಲ್ಲೇ ಎರಡು ಪಾಲು ಮಾಡಿ, ಒಂದು ಪಾಲು ಉಂಡು, ಇನ್ನೊಂದನ್ನು ಮುಚ್ಚಿಡುತ್ತಿದ್ದ. ಯಾರು ಕೇಳಿದರೂ "ಆತು, ಬಂದೆನಲ್ಲ" ಅನ್ನುತ್ತಿದ್ದ, ಅಷ್ಟೇ. ನನ್ನ ಮುಂದೆ ಮಾತ್ರ, ನಿಂತ ಮಗ್ಗದ ಕೋಣೆಯಲ್ಲಿ ಕೂತು, ಬಿಡಿಬಿಡಿಯಾಗಿ ಹೇಳಿದ.

ಕಳ್ಳರು ಮೊದಲು ಕಸಿದುಕೊಂಡದ್ದು ಹಡಗಿನವರ ಚಪ್ಪಲಿಗಳನ್ನಂತೆ. ಆಮೇಲೆ ಔಷಧದ ಪೆಟ್ಟಿಗೆ. ಬಡಕಲು ಮೈಯ, ಬರಿಗಾಲ ಮನುಷ್ಯರು. ಮೀನು ಹಿಡಿಯುತ್ತಿದ್ದವರು, ಅವರ ನೀರಿನಲ್ಲಿ ಮೀನು ತೀರಿತ್ತು. ಒಬ್ಬನಿಗೆ ಹಲ್ಲಿನ ಬುಡದಲ್ಲಿ ಕೀವು ತುಂಬಿ, ತೊಡೆಯ ಮೇಲೆ ಬಂದೂಕು ಇಟ್ಟುಕೊಂಡೇ ಗಲ್ಲ ಹಿಡಿದು ಅಳುತ್ತಿದ್ದನಂತೆ. "ಲವಂಗ ಕೊಟ್ಟೆ. ಅವತ್ತ ಸಂಜಿಮುಂದ ಅವನಽ ನನ್ನ ಬೆನ್ನಿಗೆ ಬಂದೂಕಿನ ಹಿಡಿಕಿಲೆ ಹೊಡದ. ಅನ್ನ ಕಡಿಮಿ ಬಿತ್ತು ಅಂತ."

ಕಾವಲಿದ್ದವರಿಗೂ, ಸೆರೆಯಲ್ಲಿದ್ದವರಿಗೂ ಅಣ್ಣನೇ ಅಡುಗೆ ಮಾಡಬೇಕಿತ್ತು. ಕಾಳು ಕಡಿಮೆಯಾದಂತೆ, ಯಾರಿಗೆ ಎಷ್ಟು ಎನ್ನುವುದು ಅವನ ಸೌಟಿನ ಮೇಲೆ ಬಂತು. ಎಂಜಿನ್ ನೋಡಿಕೊಳ್ಳುತ್ತಿದ್ದ ಹಿರಿಯರೊಬ್ಬರು, ಹಡಗಿನ ಬದುಕಿಗೆ ಅಣ್ಣನನ್ನು ಒಗ್ಗಿಸಿದವರು, ಜ್ವರ ಬಂದು ಮಲಗಿದರು. ಗುಳಿಗೆಗಳೆಲ್ಲ ಕಳ್ಳರ ಪಾಲಾಗಿದ್ದವು. ಆ ಹಿರಿಯರು ತೀರಿಕೊಂಡರು. ಹೆಣವನ್ನು ಹಡಗಿನ ತಂಪು ಕೋಣೆಯಲ್ಲಿ ಇಟ್ಟರು. ಉಳಿದಿದ್ದ ಕಾಯಿಪಲ್ಲೆಯೂ ಅಲ್ಲೇ ಇತ್ತು.

"ದಿನಾ ಒಳಗ ಹೋಗಿ ಗಜ್ಜರಿ, ಬಟಾಟಿ ತರಬೇಕಿತ್ತು, ತಂಗಿ," ಎಂದ. "ಮೊದಮೊದಲು ಕಣ್ಣು ಮುಚ್ಚತಿದ್ದೆ. ಆಮ್ಯಾಲ ಮುಚ್ಚಲಿಲ್ಲ."

ಡೀಸೆಲ್ ಮುಗಿದು ಆ ಕೋಣೆ ತಣ್ಣಗಾಗುವುದು ನಿಂತಾಗ, ಕಳ್ಳರು ಹೆಣವನ್ನು ಸಣ್ಣ ದೋಣಿಯಲ್ಲಿ ದಂಡೆಗೆ ಒಯ್ದು, ಖಾಲಿ ದೋಣಿ ತಂದರು. ಎಲ್ಲಿ ಹೂತರೆಂದು ಹೇಳಲಿಲ್ಲ.

ಅದಾದ ಮೇಲೆ ನಾನು ಹಳೆಯ ಕಾಲದ ಕಡಲ್ಗಳ್ಳರ ಇತಿಹಾಸವನ್ನು ಹುಡುಕಿ ಹುಡುಕಿ ಓದಿದೆ. ಅಲ್ಲಾದರೂ ಬೇರೆ ಥರ ಇದ್ದೀತು ಅನ್ನಿಸಿತ್ತು. ಇರಲಿಲ್ಲ. ನಿಧಿ ಹೂತಿಟ್ಟವರು ಇಲ್ಲವೆನ್ನುವಷ್ಟು ಕಡಿಮೆ. ದೋಚಿದ್ದು ಹೆಚ್ಚಾಗಿ ಹಗ್ಗ, ಹಾಯಿಬಟ್ಟೆ, ಹಿಟ್ಟು, ಔಷಧದ ಪೆಟ್ಟಿಗೆ, ನಮ್ಮಂಥವರು ನೇಯ್ದ ಬಟ್ಟೆಯ ಗಂಟು. ಬಹಳ ಜನ ಯುದ್ಧ ಮುಗಿದ ಮೇಲೆ ಕೆಲಸವಿಲ್ಲದೆ ಬಿದ್ದ ನಾವಿಕರು. ಜ್ವರಕ್ಕೋ ನೇಣಿಗೋ ಸಿಕ್ಕು ಬೇಗ ಸತ್ತರು. ನಾಟಕದ ತಾಲೀಮಿನಲ್ಲಿ ಇದನ್ನೆಲ್ಲ ಹೇಳಿದೆ. ಮಕ್ಕಳು ಕೊನೆಯವರೆಗೂ ಕೇಳಿಸಿಕೊಂಡರು. ಆಮೇಲೆ ನಾಯಕನ ಪಾತ್ರದ ಹುಡುಗಿ ಅಂದಳು: "ಟೀಚರ್, ಖರೆ ಐತ್ರಿ. ಆದ್ರ ಅದನ್ನ ಹಾಕಿದ್ರ ನಾಟಕ ಯಾರ್ ನೋಡ್ತಾರ್ರೀ?"

ಅಣ್ಣ ಬರಲು ಒಪ್ಪಿದ್ದು ಅವ್ವನಿಗಾಗಿ. "ಹೋಗಪಾ, ನಾಕು ಮಂದ್ಯಾಗ ಕುಂತು ಬಾ," ಎಂದು ಅವಳು ಹಟ ಹಿಡಿದಿದ್ದಳು. ಒಳ್ಳೆಯದಾದೀತೆಂದು ನನಗೂ ಆಸೆಯಿತ್ತು.

ನಾಟಕ ಜೋರಾಗಿತ್ತು. ಕಾಡಿಗೆಯ ಮೀಸೆ, ಕಣ್ಣಿಗೆ ಪಟ್ಟಿ, ರಟ್ಟಿನ ಕತ್ತಿ, ಕೊನೆಗೆ ಪೆಟ್ಟಿಗೆ ತುಂಬ ಚಿನ್ನದ ಬಣ್ಣದ ಕಾಗದ. ಅಣ್ಣ ಮುಂದಿನ ಸಾಲಿನಲ್ಲಿ ಕೈಕಟ್ಟಿ ಕೂತಿದ್ದ. ಮಾತಿಗೆ ಕರೆದರು. ಅವನು ಮೈಕಿನ ಮುಂದೆ ಹೋಗಿ ನಿಂತ. ಹೆಡ್‌ಮಾಸ್ತರರೇ ಕೇಳಿದರು: "ಅಷ್ಟು ಮಂದಿ ಕಳ್ಳರನ್ನ ಹೆಂಗ ಎದುರಿಸಿದ್ರಿ, ಹೇಳ್ರಿ."

"ಅಡಗಿ ಮಾಡಿದೆ," ಎಂದ ಅಣ್ಣ.

ಎಲ್ಲರೂ ನಕ್ಕರು, ಚಪ್ಪಾಳೆ ಬಿತ್ತು. ಚಲೋ ಚಾಷ್ಟಿ ಮಾಡಿದ ಅಂದುಕೊಂಡರು. ಅವನು ಇನ್ನೇನೋ ಹೇಳಲು ಹೊರಟಿದ್ದ. ಅಷ್ಟರಲ್ಲಿ ಶಾಲು ಹೊದಿಸಿದರು. ಕಡಲ್ಗಳ್ಳರ ವೇಷದ ಮಕ್ಕಳು ಸುತ್ತ ನಿಂತು, ಅವನ ಕುತ್ತಿಗೆಗೆ ರಟ್ಟಿನ ಕತ್ತಿ ಹಿಡಿದು ಫೋಟೋ ತೆಗೆಸಿಕೊಂಡರು. ಕ್ಯಾಮೆರಾದವನು "ನಗ್ರಿ ಸರ್" ಅಂದ. ಅಣ್ಣ ನಕ್ಕ.

ಗದಗಿನ ಬಸ್ಸಿನಲ್ಲಿ ನಾನು, "ತಪ್ಪು ತಿಳೀಬ್ಯಾಡ ಯಣ್ಣಾ, ಸಣ್ಣ ಹುಡುಗ್ರು," ಎಂದೆ.

"ಅವರದೇನೂ ತಪ್ಪಿಲ್ಲ," ಎಂದ. "ಅವರ ಕಡಲ್ಗಳ್ಳರು ಬ್ಯಾರೆ." ಆ ಮೇಲೆ ನನ್ನ ಮುಂದೆಯೂ ಆ ವಿಷಯ ತೆಗೆದಿಲ್ಲ. ಈಗ ಮಾರ್ಕೆಟ್ಟಿನ ಬಟ್ಟೆ ಅಂಗಡಿಯೊಂದರಲ್ಲಿ ಥಾನು ಬಿಚ್ಚಿ ತೋರಿಸುವ ಕೆಲಸ ಮಾಡುತ್ತಾನೆ. ಒಲೆಯ ಹತ್ತಿರ ಹೋಗುವುದಿಲ್ಲ.

ತೀರಿಕೊಂಡ ಆ ಹಿರಿಯರ ಹೆಂಡತಿ ಈಗಲೂ ಆಗಾಗ ಫೋನ್ ಮಾಡುತ್ತಾರೆ. ದೂರದ ಊರಿನವರು, ನಮ್ಮ ಮಾತು ಬರದು. ನನ್ನ ಹರಕು ಹಿಂದಿಯಲ್ಲೇ ಮಾತು. ಗಂಡನನ್ನು ಹೂತದ್ದು ಯಾವ ದಂಡೆ, ಗುರುತಿಗೆ ಮರವೋ ಕಲ್ಲೋ ಏನಾದರೂ ಇತ್ತೇ, ಅಷ್ಟು ತಿಳಿದರೆ ಸಾಕು ಅನ್ನುತ್ತಾರೆ. ಮೊದಲು ಅಣ್ಣನೇ ಮಾತಾಡುತ್ತಿದ್ದ. ಗೊತ್ತಿಲ್ಲ ಎಂದು ಹೇಳಿ ಹೇಳಿ ಕೊನೆಗೆ ಫೋನ್ ತೆಗೆಯುವುದನ್ನೇ ಬಿಟ್ಟ.

ಕಳೆದ ವಾರವೂ ಅವರ ಫೋನ್ ಬಂದಿತ್ತು. ಅಣ್ಣ ಎದುರಿಗೇ ಕೂತಿದ್ದ. ಹೊರಗೆ ಹೋಗಿದ್ದಾನೆ ಎಂದೆ. "ಯಾವಾಗ ಬರುತ್ತಾನೆ?" ಎಂದು ಕೇಳಿದರು. ಗೊತ್ತಿಲ್ಲ ಎಂದೆ.